ಪಾಸ್ಟರ್ ಸಿಡಿಯಲ್ಲಿ ಬಂದ ದಿನ

ಹೊರಮಾವಿನಲ್ಲಿ ಕಟ್ಟಿಸಿದ ಹೊಸ ಮನೆಯಲ್ಲಿ ಪ್ರಾರ್ಥನೆ ಆಗುವ ತನಕ ಒಲೆ ಹಚ್ಚುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದಳು. ಶಿವಾಜಿನಗರದ ಹಳೆಯ ಚರ್ಚಿನಲ್ಲಾಗಿದ್ದರೆ ಪಾದ್ರಿ ಅಯ್ಯನವರೇ ಸೈಕಲ್ಲಿನಲ್ಲಿ ಬಂದು, ಮನೆಮಂದಿಯ ಹೆಸರನ್ನೆಲ್ಲ ಹೇಳಿ ಪ್ರಾರ್ಥಿಸಿ, ಉಂಡು ಹೋಗುತ್ತಿದ್ದರು. ನಾವು ಆ ಚರ್ಚು ಬಿಟ್ಟು, ರಿಂಗ್ ರೋಡಿನ ದೊಡ್ಡ ಸಭೆಗೆ ಸೇರಿ ಆರು ತಿಂಗಳಾಗಿತ್ತು.

ದೊಡ್ಡದು ಅಂದರೆ ಎಂಥ ದೊಡ್ಡದು! ಕಾರು ನಿಲ್ಲಿಸಲು ಸೀಟಿ ಊದುವವರೇ ಹತ್ತು ಜನ. ಒಳಗೆ ಗೋಡೆಯಷ್ಟಗಲದ ಪರದೆ, ಅದರಲ್ಲಿ ಪಾಸ್ಟರರ ಹಣೆಯ ಬೆವರು ಕೂಡ ಕಾಣುತ್ತಿತ್ತು. ಸಾವಿರಾರು ಜನ ಒಟ್ಟಿಗೆ ಹಾಡಿದಾಗ ನನಗೆ ಮೈ ಜುಮ್ಮೆಂದು ಅಳು ಬಂದುಬಿಟ್ಟಿತು, ಸುಳ್ಳೇಕೆ ಹೇಳಲಿ. ಹೊರಗೆ ಬಂದರೆ ಕಮರ್ಷಿಯಲ್ ಸ್ಟ್ರೀಟಿನ ಹಾಗೆ ಸಾಲು ಅಂಗಡಿ: ಸಿಡಿ, ಟೀ ಶರ್ಟು, ಬೈಬಲ್ ವಚನ ಬರೆದ ಕಾಫಿ ಕಪ್ಪು, ಕೇಕು.

"ಅಬ್ಬಬ್ಬಾ, ದೇವರ ಮನೇಲಿ ಏನಿಲ್ಲ ಹೇಳು!" ಎಂದು ಅಮ್ಮ ಮೂಗಿನ ಮೇಲೆ ಬೆರಳಿಟ್ಟಳು.

ಪಾಸ್ಟರರನ್ನು ಮನೆಗೆ ಕರೆಯಲು ಅವಳು ಅಲ್ಲಿನ ಕೌಂಟರಿಗೇ ಹೋದಳು. "ಅವರಿಗೆ ಶುಗರ್ ಇದ್ಯೇನಮ್ಮಾ? ಪಾಯಸ ಮಾಡ್ಬಹುದಾ?"

ಕೌಂಟರಿನ ಹುಡುಗಿ ನಕ್ಕಳು. "ಪಾಸ್ಟರ್ ಮನೆಗಳಿಗೆ ಬರಲ್ಲ ಆಂಟಿ. ಹೊಸ ಮನೆ ಸೆಟ್ ತಗೊಳ್ಳಿ. ಪ್ರಾರ್ಥನೆ ಮಾಡಿದ ಎಣ್ಣೆ, ವಚನದ ಫ್ರೇಮು, ಸಿಡಿ ಎಲ್ಲಾ ಇದೆ. ಸಿಡೀಲಿ ಅವರದೇ ವಾಯ್ಸು. ಕನ್ನಡದಲ್ಲೂ ಇದೆ."

ಸರಿ, ತಂದೆವು. ಶನಿವಾರ ಬೆಳಗ್ಗೆ ನಾನು, ತಮ್ಮ, ಅಮ್ಮ ಮೂವರೂ ಖಾಲಿ ಹಾಲಿನಲ್ಲಿ ನಿಂತೆವು. ಅಮ್ಮ ತಲೆಯ ಮೇಲೆ ಸೆರಗು ಹೊದ್ದಳು. ನಾನು ಪ್ಲೇಯರ್ ಒತ್ತಿದೆ. ಏನು ದನಿ ಅದು! ಮನೆ ತುಂಬಿಹೋಯಿತು. "ಈಗ ಈ ಕುಟುಂಬದವರ ಹೆಸರುಗಳನ್ನು ಕರ್ತನ ಮುಂದೆ ಹೇಳಿರಿ" ಎಂದು ದನಿ ನಿಂತಿತು. ಮೆಲ್ಲಗೆ ಸಂಗೀತ ಶುರುವಾಯಿತು.

ಅಮ್ಮ ಪಿಸುಗುಟ್ಟತೊಡಗಿದಳು. ಮೊದಲು ಅಪ್ಪ, ಪಾಯ ಹಾಕಿಸಿದ ವರ್ಷವೇ ತೀರಿಕೊಂಡವರು. ಆಮೇಲೆ ನಾನು. ತಮ್ಮನ ಹೆಸರು ಬಾಯಿಗೆ ಬರುವಷ್ಟರಲ್ಲಿ "ಆಮೆನ್! ಹಲ್ಲೆಲೂಯಾ!" ಎಂದು ಸಿಡಿ ಗುಡುಗಿತು. ಅಮ್ಮ ಬೆಚ್ಚಿಬಿದ್ದಳು.

ಮತ್ತೆ ಹಿಂದಕ್ಕೆ ಹಾಕಿದೆ. ಈ ಸಲ ಅವಳು ರೈಲು ಹಿಡಿಯುವವಳ ಹಾಗೆ ಹೇಳಿದಳು. ಆದರೂ ಅರ್ಧಕ್ಕೇ ಆಮೆನ್.

"ಆಫ್ ಮಾಡೇ ಅದನ್ನ."

"ಅಮ್ಮಾ, ಪಾಸ್ಟರ್ ಇನ್ನೂ ಮುಗಿಸಿಲ್ಲ."

"ಅವರಿಗೆ ಅರ್ಜೆಂಟಿದ್ರೆ ಹೋಗ್ಲಿ. ನಂದು ಮುಗ್ದಿಲ್ಲ."

ಆಫ್ ಮಾಡಿದೆ. ನನ್ನ ಅಮ್ಮ ಅದುವರೆಗೆ ಒಂದು ದಿನವೂ ದನಿಯೆತ್ತಿ ಪ್ರಾರ್ಥನೆ ಮಾಡಿದವಳಲ್ಲ. ಅದು ಅಯ್ಯನವರ ಕೆಲಸ ಎಂದು ತಲೆ ತಗ್ಗಿಸಿ ಕೂರುತ್ತಿದ್ದವಳು. ಈಗ ಗೋಡೆಗೆ ಅಂಗೈ ಒತ್ತಿ ಗಟ್ಟಿಯಾಗಿ ಶುರು ಮಾಡಿದಳು. ಅಪ್ಪನನ್ನು ನೆನೆದು ದೇವರಿಗೆ ಸ್ತೋತ್ರ ಹೇಳಿದಳು. ನಮ್ಮಿಬ್ಬರನ್ನು ದೇವರ ಕೈಗೆ ಒಪ್ಪಿಸಿದಳು. ಈ ಮನೆ ಕಟ್ಟುವಾಗ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ ಗಾರೆಯವನು, ಶಿವಾಜಿನಗರದಲ್ಲಿ ಇಪ್ಪತ್ತು ವರ್ಷ ನಮಗೆ ನಲ್ಲಿ ನೀರು ಬಿಟ್ಟುಕೊಟ್ಟ ಪಕ್ಕದ ಮನೆಯ ಬೀಬಿ, ಯಾರನ್ನೂ ಬಿಡಲಿಲ್ಲ. "ಆ ಪಾಸ್ಟರನ್ನೂ ಕಾಪಾಡಪ್ಪಾ, ಪಾಪ, ಅವರೊಬ್ರೇ ಎಷ್ಟು ಮನೆಗೆ ಅಂತ ಹೋಗ್ತಾರೆ" ಎಂದಳು. ನಾನು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದೆ. ಇವಳು ಇಷ್ಟು ದಿನ ಎಲ್ಲಿದ್ದಳು?

ಕೊನೆಗೆ ಅಮ್ಮ ನಮ್ಮತ್ತ ತಿರುಗಿ, "ಯಾಕೆ, ಇಬ್ರೂ ಆಮೆನ್ ಅನ್ನಲ್ವಾ?" ಎಂದಳು.

"ಆಮೆನ್" ಎಂದೆವು ಇಬ್ಬರೂ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆ ಹಚ್ಚಲು ಹೋದಳು.