ಪರ, ವಿರೋಧ, ಪ್ರೆಸೆಂಟ್ ಸಾರ್

ರಜಿಯಾ ಆಂಟಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲವಂತೆ. ಅದಕ್ಕೇ ಅವರು ತುಂಬಿದ ಸಭೆಯಲ್ಲಿ ಎದ್ದು ನಿಂತು ನಮ್ಮ ಸೆನೆಟರ್‌ಗೆ ‘ನೀವು ಪ್ರೆಸೆಂಟ್ ಇದ್ದಿರಲ್ಲ, ಥ್ಯಾಂಕ್ಸ್’ ಎಂದು ಹೇಳಿ ನಗೆಪಾಟಲಾದರಂತೆ. ಪಾಪ, ಪ್ರೆಸೆಂಟ್ ಅಂದರೆ ಹಾಜರಿ ಅಂದುಕೊಂಡಿದ್ದರಂತೆ.

ಇಷ್ಟೊಂದು ‘ಅಂತೆ’ಗಳಿರುವ ಕಥೆಯನ್ನು ನಂಬಬಾರದು ಎನ್ನುವುದು ನನ್ನ ಮೊದಲ ಪಾಯಿಂಟ್. ಎರಡನೆಯದು, ಆ ಸಭೆಯಲ್ಲಿ ನಾನೂ ಇದ್ದೆ. ಆಂಟಿಯ ಪಕ್ಕದ ಕುರ್ಚಿಯಲ್ಲೇ. ಕಥೆ ಶಿಕಾಗೋ ಪಕ್ಕದ ನಮ್ಮ ಗ್ಲೆಂಡೇಲ್ ಹೈಟ್ಸ್‌ನಿಂದ ಹೊರಟು, ನಮ್ಮ ದೇಶದ ಅಂಗಡಿಗಳ ಸಾಲಿರುವ ಡೆವನ್ ಅವೆನ್ಯೂ ಮುಟ್ಟಿ, ಅಲ್ಲಿಂದ ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನಲ್ಲಿರುವ ನನ್ನ ಅತ್ತಿಗೆಯ ಫೋನಿಗೂ ತಲುಪಿದೆ. ದಾರಿಯಲ್ಲಿ ಎಲ್ಲೋ ಒಂದು ಎಕ್ಸಿಟ್ ತಪ್ಪಿದೆ.

ಸರಿ, ಮೊದಲಿನಿಂದ ಹೇಳುತ್ತೇನೆ.

ರಜಿಯಾ ಆಂಟಿ ವಿಜಯಪುರದವರು. ಅಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡು ವರ್ಷಗಟ್ಟಲೆ ಹಲ್ಲು ನೋಡಿದ ಡಾಕ್ಟರ್. ಇಲ್ಲಿ ಡೆವನ್ ಅವೆನ್ಯೂ ಹತ್ತಿರದ ಡೆಂಟಲ್ ಕ್ಲಿನಿಕ್ಕೊಂದರ ಮುಂದಿನ ಡೆಸ್ಕಿನಲ್ಲಿ ಕೂತು ಅಪಾಯಿಂಟ್‌ಮೆಂಟ್ ಕೊಡುತ್ತಾರೆ. ಒಳಗೆ ಹೋಗಿ ಹಲ್ಲು ಮುಟ್ಟುವ ಹಾಗಿಲ್ಲ. ಮುಟ್ಟಬೇಕೆಂದರೆ ಮತ್ತೆ ಡೆಂಟಲ್ ಕಾಲೇಜಿಗೆ ಸೇರಬೇಕು. (ಮಗಳು ಕಾಲೇಜು ಸೇರುವ ಹೊತ್ತಿನಲ್ಲಿ ತಾಯಿಯೂ?)

ಹೊರದೇಶದಲ್ಲಿ ಪ್ರಾಕ್ಟೀಸ್ ಮಾಡಿದವರು ಇಲ್ಲಿಯ ಡಾಕ್ಟರೊಬ್ಬರ ಕಣ್ಣೆದುರು ಕೆಲವು ವರ್ಷ ಕೆಲಸ ಮಾಡಿ ತೋರಿಸಿದರೆ ಲೈಸೆನ್ಸ್ ಕೊಡಬಹುದು ಎನ್ನುವ ಬಿಲ್ಲೊಂದು ನಮ್ಮ ರಾಜ್ಯದ ಸೆನೆಟ್‌ಗೆ ಬಂದಿತ್ತು. ಆಂಟಿ ಅದನ್ನು ‘ನನ್ನ ಬಿಲ್’ ಎಂದೇ ಕರೆಯುತ್ತಾರೆ. ನಮ್ಮ ಏರಿಯಾದ ಸೆನೆಟರ್ ಅದಕ್ಕೆ ವೋಟು ಹಾಕಬೇಕಿತ್ತು. (ವಾಷಿಂಗ್ಟನ್ನಿನ ದೊಡ್ಡ ಸೆನೆಟರ್ ಅಲ್ಲ, ನಮ್ಮ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಕೂರುವ ರಾಜ್ಯದ ಸೆನೆಟರ್. ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಓನರ್ ಭಾನುವಾರದ ಊಟಕ್ಕೆ ಕರೆಯುವುದನ್ನು ನಿಲ್ಲಿಸುತ್ತಾರೆ.)

ಓನರ್ ಅಂದರೆ ಶ್ರೀಧರ ಅಂಕಲ್. ಮೈಸೂರಿನವರು, ರಿಟೈರ್ಡ್ ಎಂಜಿನಿಯರ್. ಅವರ ಮನೆಯ ಬೇಸ್‌ಮೆಂಟಿನಲ್ಲಿ ನನ್ನ ವಾಸ. ಸೆನೆಟರ್ ಪರವಾಗಿ ಬಾಗಿಲು ತಟ್ಟುವುದು, ಫೋನ್ ಮಾಡುವುದು, ನಮ್ಮ ಬಡಾವಣೆಯ ಜನರನ್ನು ಸಭೆಗೆ ಹೊರಡಿಸುವುದು, ಎಲ್ಲ ಅವರದೇ. ‘ನಮ್ಮ ಸೆನೆಟರ್’ ಅನ್ನುವಾಗ ಅವರ ದನಿ ‘ನಮ್ಮ ಅಳಿಯಂದಿರು’ ಅನ್ನುವ ಹಾಗಿರುತ್ತದೆ.

ಬಿಲ್ಲು ವೋಟಿಗೆ ಬಂದ ದಿನ ಸಂಜೆ ಅಂಕಲ್ ಸೆನೆಟ್‌ನ ವೆಬ್‌ಸೈಟ್ ತೆಗೆದರು. ಸದಸ್ಯರ ಹೆಸರಿನ ಪಕ್ಕ ಒಂದೊಂದು ಅಕ್ಷರ. ನಮ್ಮವರ ಪಕ್ಕ ‘ಪಿ’. ಅಂಕಲ್ ಕೂಡಲೇ ರಜಿಯಾ ಆಂಟಿಗೆ ಮೆಸೇಜ್ ಹಾಕಿದರು: ನಿಮ್ಮ ಬಿಲ್ಲಿಗೆ ನಮ್ಮ ಸೆನೆಟರ್ ಪ್ರೆಸೆಂಟ್. ಕೊನೆಗೊಂದು ಕೈ ಮುಗಿದ ಎಮೋಜಿ.

ಆಂಟಿ ನನಗೆ ಫೋನ್ ಮಾಡಿದರು.

“ತಂಗಿ, ನಿಮ್ಮ ಅಂಕಲ್ ಮೆಸೇಜ್ ಹಾಕ್ಯಾರ. ಸೆನೆಟರ್ ಪ್ರೆಸೆಂಟ್ ಅಂತ. ಅಂದ್ರ ನನ್ನ ಕೆಲಸ ಆತಂತ ತಿಳ್ಕೊಳ್ಳಲೇನು?”

ನೋಡಿ ಹೇಳುತ್ತೇನೆ ಎಂದೆ. ನೋಡಿದೆ. ಮೆಟ್ಟಿಲು ಹತ್ತಿ ಅಂಕಲ್ ಹತ್ತಿರ ಹೋದೆ.

“ಅಂಕಲ್, ಪಿ ಅಂದ್ರೆ ಹಾಜರಿ ಅಲ್ಲ.”

“ಮತ್ತೇನಮ್ಮಾ? ಪಾಸಾ?”

“ಅದೂ ಒಂದು ವೋಟು. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಸುಮ್ನೆ ಇಲ್ಲಿದೀನಿ ಅಂತ.”

“ಅಷ್ಟು ದೂರ ಡ್ರೈವ್ ಮಾಡ್ಕೊಂಡು ಹೋಗಿ ಸುಮ್ನೆ ಇಲ್ಲಿದೀನಿ ಅಂತಾರೇನಮ್ಮಾ ಯಾರಾದ್ರೂ? ನಮ್ಮ ಮೇಷ್ಟ್ರು ಪಿ ಹಾಕ್ತಿದ್ದಿದ್ದು ಮತ್ಯಾತಕ್ಕೆ? ನೀನು ಎಲ್ಲದರಲ್ಲೂ ಪಾಯಿಂಟ್ ತೆಗೀಬೇಡ.”

ತೆಗೆಯದೆ ಏನು ಮಾಡಲಿ? ಮೈಸೂರಿನ ಕಾಲೇಜಿನಲ್ಲಿ ನಾನು ಪಾಠ ಕೇಳಿದ್ದಕ್ಕಿಂತ ಚರ್ಚಾ ಸ್ಪರ್ಧೆಗೆ ಹೋಗಿದ್ದೇ ಹೆಚ್ಚು. ಅಲ್ಲಿ ಎರಡೇ ಚೀಟಿ. ಪರ, ವಿರೋಧ. ಯಾವುದು ಕೈಗೆ ಬಂತೋ ಅದನ್ನು ಹಿಡಿದು ನಿಲ್ಲಬೇಕು. ‘ಎರಡೂ ಕಡೆಯವರ ಬಗ್ಗೆ ನನಗೆ ಅಪಾರ ಗೌರವವಿದೆ’ ಎಂದು ಹೇಳಿ ಕೂತುಬಿಟ್ಟರೆ ತೀರ್ಪುಗಾರರು ಸೊನ್ನೆ ಹಾಕುತ್ತಿದ್ದರು. ರೋಲಿಂಗ್ ಶೀಲ್ಡ್ ಯಾವತ್ತಾದರೂ ಮೌನಕ್ಕೆ ಹೋಗಿದೆಯೇ?

ಸ್ಪ್ರಿಂಗ್‌ಫೀಲ್ಡಿನಲ್ಲಿ ಬಟನ್ ಮೂರು. ಹೌದು ಎಂದರೆ ಹಸಿರು, ಇಲ್ಲ ಎಂದರೆ ಕೆಂಪು, ಪ್ರೆಸೆಂಟ್ ಎಂದರೆ ಹಳದಿ. ಬಿಲ್ಲು ಪಾಸಾಗಲು ಇಷ್ಟು ಹಸಿರು ಬೇಕು ಎನ್ನುವುದು ಮೊದಲೇ ನಿಗದಿ. ಹಳದಿ ಆ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಹಳದಿಯೂ ಕೆಂಪೇ, ಸ್ವಲ್ಪ ಮರ್ಯಾದಸ್ಥ ಕೆಂಪು. ಆಂಟಿಯ ಬಿಲ್ಲು ಕೂದಲೆಳೆಯ ಅಂತರದಲ್ಲಿ ಬಿತ್ತು.

ಆಂಟಿಗೆ ಇದನ್ನೆಲ್ಲ ನಾನೇ ವಿವರಿಸಿದೆ. ಅವರು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಇಂಗ್ಲಿಷಿನಲ್ಲೇ ಡೆಂಟಿಸ್ಟ್ರಿ ಓದಿದವರಿಗೆ ಅದೇನು ಕಬ್ಬಿಣದ ಕಡಲೆಯೇ? (ಕಥೆ ಹಬ್ಬಿಸಿದವರ ಗಮನಕ್ಕೆ.)

ಆಮೇಲೆ ನಾನು ಸುಮ್ಮನಿರಲಿಲ್ಲ. ಸೆನೆಟರ್‌ರ ಹಳೆಯ ವೋಟುಗಳನ್ನೆಲ್ಲ ತೆಗೆದು ಕೂತೆ. ಸತ್ಯ ಹೇಳಬೇಕೆಂದರೆ, ಅವರನ್ನು ಹಿಡಿದು ಹಾಕುವ ಉದ್ದೇಶದಿಂದಲೇ ಕೂತಿದ್ದೆ. ಆದರೆ ಮನುಷ್ಯ ಸುಲಭವಾಗಿ ಸಿಗಲಿಲ್ಲ. ಲೈಬ್ರರಿಗಳಿಗೆ ಹಸಿರು. ವಯಸ್ಸಾದವರ ಬಸ್ಸಿಗೆ ಹಸಿರು. ಬಂದೂಕಿನ ನಿಯಂತ್ರಣಕ್ಕೆ, ಅದೂ ಬೈಗುಳದ ಫೋನುಗಳು ಬರುತ್ತಿದ್ದಾಗ, ಹಸಿರು. ವಲಸೆ ಬಂದವರ ಮೇಲೆ ಯಾರೋ ಕೆಟ್ಟದಾಗಿ ಮಾತಾಡಿದಾಗ ಮೈಕ್ ಮುಂದೆ ನಿಂತು ಖಾರವಾಗಿಯೇ ಉತ್ತರ ಕೊಟ್ಟಿದ್ದಾರೆ.

ಹಾಗಾದರೆ ಹಳದಿ ಎಲ್ಲಿ? ಅವರಿಗೆ ಪರಿಚಯವಿರುವ ಇಬ್ಬರು ಎದುರುಬದುರು ನಿಂತಲ್ಲೆಲ್ಲ ಹಳದಿ. ಬಾಡಿಗೆದಾರರಿಗೂ ಮನೆ ಮಾಲೀಕರಿಗೂ ಜಗಳ, ಹಳದಿ. ಹೋಟೆಲಿನವರಿಗೂ ಕೆಲಸದವರಿಗೂ ಜಗಳ, ಹಳದಿ. ಆಂಟಿಯ ಬಿಲ್ಲನ್ನು ವಿರೋಧಿಸಿದವರು ಇಲ್ಲಿಯ ಕೆಲವು ಹಲ್ಲಿನ ಡಾಕ್ಟರುಗಳು. ಅವರೂ ಸೆನೆಟರ್‌ಗೆ ಸ್ನೇಹಿತರೇ. ಅಪರಿಚಿತರ ಸಿಟ್ಟನ್ನು ಅವರು ತಡೆದುಕೊಳ್ಳಬಲ್ಲರು. ಪರಿಚಿತರ ಮುನಿಸನ್ನು ತಡೆಯಲಾರರು.

ಓದುಗರೇ, ಈ ಕಾಯಿಲೆ ಎಲ್ಲೋ ನೋಡಿದ ಹಾಗಿದೆ ಅನ್ನಿಸುತ್ತಿಲ್ಲವೇ? ನಾರ್ತ್‌ವಿಲ್‌ನಲ್ಲಿ ಯಾರದೋ ಗೃಹಪ್ರವೇಶ ಅಂದರೆ ಶಿಕಾಗೋದಲ್ಲಿರುವ ನಾವು ಏನೆನ್ನುತ್ತೇವೆ? ‘ಟ್ರೈ ಮಾಡ್ತೀವಿ.’ ಚಂದಾ ಕೇಳಿದರೆ? ‘ನೋಡೋಣ.’ ಹುಡುಗ ಹೇಗಿದ್ದಾನೆ ಎಂದರೆ? ‘ಪರವಾಗಿಲ್ಲ.’ ಹಳದಿ, ಹಳದಿ, ಹಳದಿ. ಅಚ್ಚ ಕನ್ನಡಿಗನ ವೋಟಿಂಗ್ ರೆಕಾರ್ಡ್ ತೆಗೆದರೆ ಅಮೆರಿಕದ ಯಾವ ಸೆನೆಟರ್ ನಮ್ಮ ಮುಂದೆ ನಿಲ್ಲಬಲ್ಲ?

ನನ್ನ ಕೇಸು ಸಿದ್ಧವಾಗಿತ್ತು. ಆಂಟಿಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು:

“ನಮ್ಮ ಮನಿಯವರ ಮಣ್ಣಿಗೆ ಬಂದಿದ್ರು ಅವರು. ಆ ಥಂಡ್ಯಾಗ, ತಲಿಗೊಂದು ಕರ್ಚೀಫ್ ಕಟ್ಗೊಂಡು, ಮುಗಿಯೂತನಕ ನಿಂತಿದ್ರು. ನಿನ್ನ ಡಿಬೇಟಿನ್ಯಾಗ ಇದಕ್ಕೆಷ್ಟು ಮಾರ್ಕ್ಸ್ ಕೊಡ್ತೀ?”

ನಾನು ನನ್ನ ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಸ್ಪ್ರಿಂಗ್‌ಫೀಲ್ಡಿನ ಯಾವ ವೆಬ್‌ಸೈಟಿನಲ್ಲೂ ಆ ಹಾಜರಿ ಇರಲಿಲ್ಲ.

ಮುಂದಿನ ವಾರ ನಮ್ಮ ಲೈಬ್ರರಿಯ ಹಾಲ್‌ನಲ್ಲಿ ಸೆನೆಟರ್ ಜನರನ್ನು ಭೇಟಿ ಮಾಡುವ ಸಭೆ. ಅಂಕಲ್ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೆಸರಿನ ಸ್ಟಿಕ್ಕರ್ ಅಂಟಿಸುತ್ತಿದ್ದರು. ಪ್ರಶ್ನೆಗಳ ಸಮಯ ಬಂದಾಗ ರಜಿಯಾ ಆಂಟಿ ಎದ್ದರು. ಇಂಗ್ಲಿಷಿನಲ್ಲೇ ಮಾತಾಡಿದರು, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ.

“ಸರ್, ನನ್ನ ಬಿಲ್ಲಿಗೆ ನೀವು ಪ್ರೆಸೆಂಟ್ ಇದ್ದಿರಿ. ಥ್ಯಾಂಕ್ಸ್.”

ಇಲ್ಲಿಗೆ ಹಾಲ್ ನಕ್ಕಿತು. ಕೆಟ್ಟ ನಗೆಯಲ್ಲ, ಅಯ್ಯೋ ಪಾಪ ಎನ್ನುವ ನಗೆ. ಆ ನಗೆಯಲ್ಲಿ ಮುಂದಿನ ಮಾತು ಹಿಂದಿನ ಸಾಲುಗಳಿಗೆ ಕೇಳಿಸಲೇ ಇಲ್ಲ. ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಎದುರಿಗಿದ್ದ ಸೆನೆಟರ್‌ಗೂ ಕೇಳಿಸಿತು.

“ನನ್ನ ಗಂಡನ ಮಣ್ಣಿಗೂ ನೀವು ಪ್ರೆಸೆಂಟ್ ಇದ್ದಿರಿ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಆವತ್ತು ನೀವು ಬಾಯಿ ಬಿಡುವ ಅಗತ್ಯ ಇರಲಿಲ್ಲ, ಸರ್. ಬಿಲ್ಲಿನ ದಿನ ಇತ್ತು.”

ಸೆನೆಟರ್ ಎದೆಯ ಮೇಲೆ ಕೈ ಇಟ್ಟುಕೊಂಡರು. ‘ನಿಮ್ಮ ಮಾತು ನನಗೆ ಮುಟ್ಟಿತು’ ಎಂದರು. ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಮುಟ್ಟಿದ ಮೇಲೆ ಮುಂದೇನು ಎಂದು ಕೇಳಲು ನಾನು ಕೈ ಎತ್ತಿದೆ. ಅಷ್ಟರಲ್ಲಿ ಗ್ರೂಪ್ ಫೋಟೋ ಎಂದು ಕರೆದರು. ಆಂಟಿಯನ್ನು ಅವರೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ವಾಪಸ್ ಬರುವಾಗ ಕಾರಿನಲ್ಲಿ ಆಂಟಿ ಕೇಳಿದರು, “ಮಂದಿ ಯಾಕ ನಕ್ಕರ ತಂಗಿ?”

“ಪ್ರೆಸೆಂಟ್ ಅಂದ್ರೆ ನಿಮಗೆ ಗೊತ್ತಿಲ್ಲ ಅಂದ್ಕೊಂಡ್ರು ಆಂಟಿ.”

“ಅಂದ್ಕೊಳ್ಳಲಿ ಬಿಡು. ಸೆನೆಟರ್‌ಗೆ ತಿಳೀತಿಲ್ಲೋ? ಅಷ್ಟ ಸಾಕು.”

ನನಗೆ ಅಷ್ಟು ಸಾಕಾಗುವುದಿಲ್ಲ. ಆಂಟಿಯಷ್ಟು ದೊಡ್ಡ ಮನಸ್ಸಿದ್ದರೆ ನಾನು ಅಂಕಣ ಯಾಕೆ ಬರೆಯುತ್ತಿದ್ದೆ?

ಕಳೆದ ಶನಿವಾರ ಅಂಕಲ್ ಜೊತೆ ಡೆವನ್‌ಗೆ ಹೋಗಿದ್ದೆ. ಪಾರ್ಕಿಂಗ್ ಸಿಗುವಷ್ಟರಲ್ಲಿ ಅಂಕಲ್ ಬ್ಲಾಕ್ ಸುತ್ತಿ ಸುತ್ತಿ ಸುಸ್ತಾಗಿದ್ದರು. ಕಿರಾಣಿ ಅಂಗಡಿಯ ಬಿಲ್ಲಿಂಗ್ ಕ್ಯೂನಲ್ಲಿ ಬೆಂಗಳೂರಿನ ಆಂಟಿಯೊಬ್ಬರು ಅದೇ ಕಥೆ ಶುರು ಮಾಡಿದರು. “ಆ ವಿಜಯಪುರದೋರು ಪ್ರೆಸೆಂಟ್ ಅಂದ್ರೆ ಅಟೆಂಡೆನ್ಸ್ ಅಂದ್ಕೊಂಡಿದ್ರಂತೆ ಕಣ್ರೀ. ಹೌದೇನ್ರೀ ಶ್ರೀಧರ್?”

ಅಂಕಲ್ ಬಹಳ ಶ್ರದ್ಧೆಯಿಂದ ಕರಿಬೇವಿನ ಪ್ಯಾಕೆಟ್ ನೋಡುತ್ತಿದ್ದರು. ಹೌದು ಎನ್ನಲಿಲ್ಲ. ಇಲ್ಲ ಎನ್ನಲಿಲ್ಲ. ನಾನೇ ಬಾಯಿ ಬಿಟ್ಟು ಇಡೀ ಕ್ಯೂಗೆ ನಡೆದದ್ದನ್ನು ಹೇಳಿದೆ, ಆ ‘ಪಿ’ಯನ್ನು ಮೊದಲು ತಪ್ಪು ಓದಿದವರು ಯಾರು ಎನ್ನುವುದೊಂದನ್ನು ಬಿಟ್ಟು. ಅದನ್ನು ಹೇಳಬೇಕಾದವರು ಪಕ್ಕದಲ್ಲೇ ಇದ್ದರು.

ಕಾರಿನಲ್ಲಿ ಕೇಳಿದೆ. “ಹಾಗಂದ್ಕೊಂಡಿದ್ದು ನಾನು ಅಂತ ಹೇಳ್ಬಹುದಿತ್ತಲ್ಲ ಅಂಕಲ್?”

“ಅಷ್ಟು ಜನರ ಮುಂದೆ ಹೇಗಮ್ಮಾ ಹೇಳೋದು? ರಜಿಯಾ ಬೇಜಾರು ಮಾಡ್ಕೊಳ್ಳಲ್ಲ ಬಿಡು.”

ಇದೇ ಅಂಕಲ್ ಹೋದ ಚಳಿಗಾಲದಲ್ಲಿ ಯಾರಿಗೂ ಹೇಳದೆ ಆಂಟಿಯ ಡ್ರೈವ್‌ವೇಯ ಹಿಮ ತೆಗೆದು ಬರುತ್ತಿದ್ದವರು. ಅವರ ಒಳ್ಳೆಯತನದ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ನನ್ನ ಆಕ್ಷೇಪ ಕಥೆಯ ಮೇಲೆ. ಮೈಸೂರಿನ ರಿಟೈರ್ಡ್ ಎಂಜಿನಿಯರ್ ತಪ್ಪು ಓದಿದರು ಎಂದರೆ ಅದು ಕಥೆಯೇ ಆಗುವುದಿಲ್ಲ. ಸ್ಕಾರ್ಫ್ ಕಟ್ಟಿದ ವಿಜಯಪುರದ ಹೆಂಗಸು ತಪ್ಪು ತಿಳಿದರು ಎಂದರೆ ಎರಡನೇ ಪ್ರಶ್ನೆ ಕೇಳುವವರಿಲ್ಲ. ತಪ್ಪು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುವಾಗ ನೋಡುತ್ತ ನಿಂತಿದ್ದವರೆಲ್ಲ ಒಳ್ಳೆಯವರೇ. ಅದೇ ತೊಂದರೆ.

ಆಂಟಿಯ ಬಿಲ್ಲು ಮತ್ತೆ ಬರುತ್ತಿದೆ. ಇನ್ನೊಂದು ಸಲ ಬಿದ್ದರೆ ಆ ಡೆಸ್ಕೇ ಗತಿ ಎಂದು ಅವರೇ ನನಗೆ ಹೇಳಿದ್ದಾರೆ, ನಗುತ್ತ. ಸೆನೆಟರ್‌ರ ಚುನಾವಣೆಯೂ ಬರುತ್ತಿದೆ. ಬುಧವಾರ ಅವರು ಅಂಕಲ್ ಮನೆಗೆ ಕಾಫಿಗೆ ಬರುತ್ತಾರೆ. ಅಂಕಲ್ ಕೇಳಿದರೆ ಅವರು ಜಾರಿಕೊಳ್ಳುವುದು ಕಷ್ಟ. ಈ ಏರಿಯಾದಲ್ಲಿ ಅವರಿಗಾಗಿ ಅಷ್ಟು ಬಾಗಿಲು ತಟ್ಟಿದವರು ಬೇರೆ ಯಾರಿದ್ದಾರೆ?

ನಿನ್ನೆ ಬೆಳಿಗ್ಗೆ ಅಂಕಲ್ ಮನೆ ಮುಂದಿನ ಹುಲ್ಲಿನಲ್ಲಿ ಸೆನೆಟರ್ ಹೆಸರಿನ ಬೋರ್ಡು ನೆಡುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ.

“ಅಂಕಲ್, ಬುಧವಾರ ಅವರು ಬಂದಾಗ, ರಜಿಯಾ ಆಂಟಿ ಬಿಲ್ಲಿಗೆ ಈ ಸಲ ಹೌದೋ ಇಲ್ಲವೋ ಅಂತ ಕೇಳ್ತೀರಾ?”

ಅಂಕಲ್ ಎರಡು ಹೆಜ್ಜೆ ಹಿಂದೆ ಸರಿದು ಬೋರ್ಡನ್ನೇ ನೋಡಿದರು.

“ಇದು ಸ್ವಲ್ಪ ಸೊಟ್ಟ ಆಯ್ತೇನಮ್ಮಾ?”

ಬೋರ್ಡು ನೆಟ್ಟಗೇ ಇದೆ, ಅಂಕಲ್. ಕೇಳ್ತೀರಾ?