ನಾಲಿಗೆಗೆ ಹಚ್ಚದ ಹನಿ

ಆ ದಿನ ಹನಿಯನ್ನು ನಾಲಿಗೆಗೆ ಹಚ್ಚಿದೆನೋ ಇಲ್ಲವೋ, ನನಗೆ ಈಗಲೂ ಖಚಿತವಿಲ್ಲ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನಿಗೆ ಇದು ನಾಚಿಕೆಯ ಮಾತು.

ಹುಬ್ಬಳ್ಳಿಯ ಡಾಕ್ಟರ್ ಗೆಳೆಯರೊಬ್ಬರು ನಿವೃತ್ತರಾದ ಮೇಲೆ ಮೆಲ್ಬರ್ನಿನಿಂದ ಒಂದೂವರೆ ಗಂಟೆ ದೂರದ ಹಳೆಯ ಸೇಬಿನ ತೋಟವೊಂದನ್ನು ಕೊಂಡಿದ್ದರು. ತೋಟದ ಜೊತೆಗೇ ಬಂದದ್ದು ರಸ ಹುದುಗಿಸಿ ಸೈಡರ್ ಮಾಡುವ ಪೀಪಾಯಿಗಳು, ಆ ಸೈಡರನ್ನು ಕಾಸಿ ಬ್ರಾಂದಿ ಇಳಿಸುವ ತಾಮ್ರದ ಹಂಡೆ. ಮೆಲ್ಬರ್ನಿನ ಗ್ಲೆನ್ ವೇವರ್ಲಿ ಬಡಾವಣೆಯ ನಮ್ಮ ಮನೆಯಲ್ಲಿ ಕೂತಲ್ಲಿ ಕೂರಲಾಗದ ನಾನು ವಾರಕ್ಕೆರಡು ದಿನ ಅಲ್ಲಿಗೆ ಕಾರು ಓಡಿಸುತ್ತಿದ್ದೆ. ಕುಡಿಯುವವನಲ್ಲ, ಹಣ್ಣು ಆರಿಸಿ, ಪೀಪಾಯಿ ತೊಳೆದು, ಬೆನ್ನು ನೋಯಿಸಿಕೊಂಡು ವಾಪಸ್ಸು ಬರುತ್ತಿದ್ದೆ.

ಈ ವರ್ಷ ಕಾಕಟೂ ಗಿಳಿಗಳು ತಿಂದು ಬಿಟ್ಟ ಹಣ್ಣು ಒಂದೇ ಹಂಡೆಗೆ ಸಾಲುವಷ್ಟಿತ್ತು. ಕಾಸುವ ದಿನ ಡಾಕ್ಟರಿಗೆ ನೆಗಡಿ. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮೊದಲು ಇಳಿಯುವುದು ಅಂಟಿನ ವಾಸನೆಯ ಕೆಟ್ಟ ಭಾಗ, ಅದನ್ನು ಚೆಲ್ಲಬೇಕು. ಒಳ್ಳೆಯದು ಯಾವಾಗ ಶುರುವಾಯಿತೆಂದು ಒಂದೊಂದೇ ಹನಿ ನಾಲಿಗೆಗೆ ಹಚ್ಚಿ, ಉಗುಳಿ, ಹೇಳಬೇಕು. ಅದನ್ನು ನನಗೆ ವಹಿಸಿದರು. ಅಂಗೈಗೆ ಉಜ್ಜಿ ಮೂಸಿದ್ದು ನೆನಪಿದೆ. ಈಗ, ಎಂದೆ. ಅವರು ಪಾತ್ರೆ ಬದಲಿಸಿದರು.

ಹದಿನೈದು ದಿನದ ನಂತರ, ಮೂಗು ಸರಿಹೋದ ಡಾಕ್ಟರ್ ಫೋನ್ ಮಾಡಿದರು. ಇಡೀ ಪಾತ್ರೆ ಅಂಟಿನ ವಾಸನೆ ಹೊಡೆಯುತ್ತಿದೆಯಂತೆ. ನಾಲಿಗೆಗೆ ಹಚ್ಚಿದ್ದಿರಾ ಎಂದು ಕೇಳಿದರು. ಹೌದೆಂದೆ, ಹೇಳುವಾಗ ಸುಳ್ಳೆನಿಸಲಿಲ್ಲ. ಹಾಗಾದರೆ ಹಂಡೆಯೇ ಕೆಟ್ಟಿದೆ, ಸೋಮವಾರ ಹಳೇ ತಾಮ್ರ ಕೊಳ್ಳುವವನಿಗೆ ಕೊಟ್ಟುಬಿಡುತ್ತೇನೆ, ತೋಟವೂ ಸಾಕಾಗಿದೆ ಎಂದರು.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಲೇ, "ನೀವೆಲ್ಲಿ ಹಚ್ಚಿದ್ರಿ? ಮೂಗಲ್ಲೇ ಮುಗಿಸ್ದೆ, ಬಾಯಿಗೆ ಸೋಕಿಸ್ಲೇ ಇಲ್ಲ ಅಂತ ಅವತ್ತು ಬಂದು ಜಂಭ ಕೊಚ್ಕೊಂಡ್ರಲ್ಲ," ಎಂದಳು.

ಹಾಗೆ ಹೇಳಿದ್ದೂ ನನಗೆ ನೆನಪಿಲ್ಲ. ಆದರೆ ಹಚ್ಚಿದ್ದರೆ ಆ ಉರಿಯಾದರೂ ನೆನಪಿರಬೇಕಿತ್ತು. ಊಟ ಅರ್ಧಕ್ಕೇ ಬಿಟ್ಟೆದ್ದು ಫೋನ್ ಮಾಡಿದೆ. ಬಹುಶಃ ಹಚ್ಚಿಲ್ಲ ಎಂದೆ.

"ಬಹುಶಃ ಅಂದ್ರ ಏನ್ರೀ, ಪ್ರೊಫೆಸರ್? ಹಂಡೆ ಮಾರ್ಲೋ ಬ್ಯಾಡೋ, ಅಷ್ಟ ಹೇಳ್ರಿ."

"ಮಾರ್ಬೇಡಿ. ಹಚ್ಚಿಲ್ಲ."

ಅವರು ಬೈಯಲಿಲ್ಲ. ಆ ಬ್ರಾಂದಿಯನ್ನೇ ಮತ್ತೆ ಹಂಡೆಗೆ ಸುರಿದು ಕಾಸಬಹುದು, ಅಳತೆ ಒಂದಷ್ಟು ಕಡಿಮೆಯಾಗುತ್ತದೆ ಅಷ್ಟೆ ಎಂದರು, ದಣಿದ ದನಿಯಲ್ಲಿ. ತಾಮ್ರದವನಿಗೆ ಬರಬೇಡವೆಂದು ಹೇಳಬೇಕಲ್ಲ ಎಂದು ಫೋನ್ ಇಟ್ಟರು.