ಆನೆಗೊಂದಿಗೆ ಒಬ್ಬಳೇ ಹೋದದ್ದು

ಮೊನ್ನೆ ಕುಷ್ಟಗಿಗೆ ಹೊರಡಲೆಂದು ಅಟ್ಟದ ಮೇಲಿನ ಬಾಳೆನಾರಿನ ಚೀಲ ಇಳಿಸಿದೆ. ಧೂಳು ಜಾಡಿಸಿ ಒದ್ದೆ ಬಟ್ಟೆಯಿಂದ ಒರೆಸಿದ್ದೇ ತಡ, ಅದರ ವಾಸನೆ ಎದ್ದಿತು. ಬಾಳೆನಾರು ಒದ್ದೆಯಾದರೆ ಎಂಥ ವಾಸನೆ ಗೊತ್ತೇ ನಿಮಗೆ? ಒಣಹುಲ್ಲು, ಹೊಳೆಯ ಕೆಸರು ಎರಡೂ ಕೂಡಿದಂಥದ್ದು. ಯಲಬುರ್ಗಾದ ನಮ್ಮ ಮನೆಯಲ್ಲಿ ಹೊಳೆಯ ವಾಸನೆ ಇರುವ ವಸ್ತು ಅದೊಂದೇ. ಮೂಗಿಗೆ ಹಿಡಿದು ನಿಂತಿದ್ದೆ. "ಚೀಲ ಮೂಸಾಕತ್ತೀಯಲ್ಲ, ಬಸ್ಸು ನಿನ್ನ ಸಲುವಾಗಿ ನಿಲ್ತೈತೇನು?" ಎಂದರು ಯಜಮಾನರು. ನಿಲ್ಲುವುದಿಲ್ಲ, ನಿಜ. ಆದರೂ ಈ ಚೀಲದ ಕಥೆ ಹೇಳದೆ ನಿಮ್ಮನ್ನು ಕುಷ್ಟಗಿಗೆ ಕರೆದೊಯ್ಯಲಾರೆ.

ಕೆಲವು ವರ್ಷಗಳ ಹಿಂದಿನ ಮಾತು. ದಸರೆ ಮುಗಿದಿತ್ತು, ಮಳೆ ಹಿಂದೆ ಸರಿದಿತ್ತು. ಒಬ್ಬಳೇ ಎಲ್ಲಿಗಾದರೂ ಹೋಗಿಬರಬೇಕೆಂಬ ಹುಚ್ಚು ನನಗೆ ಹತ್ತಿತು. ಅಲ್ಲಿಯವರೆಗೆ ನಾನು ಕಂಡ ಊರುಗಳೆಲ್ಲ ಯಾರದೋ ಮದುವೆ, ಯಾರದೋ ಬಸುರಿಯ ಕುಬಸ, ಯಾರದೋ ಆಸ್ಪತ್ರೆ. ಊರನ್ನು ಊರಿಗಾಗಿ ನೋಡಿದವಳೇ ಅಲ್ಲ. ನನ್ನ ತವರು ಗಂಗಾವತಿಯ ಹತ್ತಿರ, ಕಾಲುವೆ ದಂಡೆಯ ಹಳ್ಳಿ. ಅಲ್ಲಿಂದ ಆನೆಗೊಂದಿ ಇಷ್ಟೇ ದೂರ. ರಾಜರಾಳಿದ ಊರು ಎಂದು ಶಾಲೆಯಲ್ಲಿ ಉರುಹೊಡೆದಿದ್ದೆನೇ ಹೊರತು ಕಣ್ಣಿಂದ ಕಂಡಿರಲಿಲ್ಲ. ಹೋಗುತ್ತೇನೆಂದಾಗ ಯಜಮಾನರು, "ಒಬ್ಬಾಕಿನ? ಏನೈತಿ ಅಲ್ಲಿ? ಕಲ್ಲು. ಕಲ್ಲು ನಮ್ಮ ಹೊಲದಾಗೂ ಅದಾವ, ಹೋಗಿ ನೋಡು" ಎಂದರು. ಮೂರು ಬಸ್ಸು ಬದಲಿಸಿ ನಾನು ಹೋಗಿಯೇಬಿಟ್ಟೆ.

ಕೋಟೆಬಾಗಿಲ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆ. ಯಾರಿಗೂ ಬಡಿಸದೆ ಮೊದಲು ನಾನೇ ಉಂಡದ್ದು! ಬಂಡೆಗುಡ್ಡಗಳ ಕಾಲಬುಡದಲ್ಲಿ ಭತ್ತ ತೆನೆ ಬಾಗಿ ನಿಂತಿತ್ತು, ಅದರಾಚೆ ಬಾಳೆತೋಟ, ಅದರಾಚೆ ಹೊಳೆ. ಸುಖವಾಗಿತ್ತು, ಸುಳ್ಳೇಕೆ ಹೇಳಲಿ. ದಾರಿಯಲ್ಲಿ ಹೋಗುವವರೆಲ್ಲ "ಒಬ್ರ ಬಂದೀರೇನ್ರಿ?" ಎಂದು ಕೇಳುತ್ತಿದ್ದರು. "ಹೌದ್ರಿ" ಎಂದರೆ ಮುಖ ಸಣ್ಣದು ಮಾಡುತ್ತಿದ್ದರು, ಪಾಪ, ಯಾರೂ ಇಲ್ಲವೇನೋ ಈಕೆಗೆ ಎಂಬಂತೆ.

ಉಂಡಮೇಲೆ ಓಣಿಗಳಲ್ಲಿ ಅಡ್ಡಾಡಿದೆ. ಒಂದು ಮನೆಯ ಕೆತ್ತನೆಯ ಬಾಗಿಲು ನನ್ನನ್ನು ನಿಲ್ಲಿಸಿತು. ಚೌಕಟ್ಟು ಮುಟ್ಟಿ ನೋಡಿದೆ, ಗೋಡೆಯ ದಪ್ಪ ನೋಡಿದೆ, ಕತ್ತು ಉದ್ದ ಮಾಡಿ ಪಡಸಾಲೆಯನ್ನೂ ಇಣುಕಿದೆ. ಹೊರಬಂದ ಹೆಂಗಸಿನ ಹೆಸರು ಗಂಗಮ್ಮ ಎಂದು ಆಮೇಲೆ ತಿಳಿಯಿತು. ಅವರನ್ನು ಕೇಳಿದೆ: "ಮನಿ ಎಷ್ಟು ವರ್ಷದ್ದರಿ? ಒಳಗ ಎಷ್ಟು ಮಂದಿ ಇರ್ತೀರಿ? ಹಿತ್ತಲದಾಗ ಬಾವಿ ಐತೇನ್ರಿ?" ನನಗಿದ್ದದ್ದು ಚರಿತ್ರೆಯ ಕುತೂಹಲ, ದೇವರಾಣೆ. "ಯಾವ ಊರಾತ್ರಿ?" ಎಂದರು ಅವರು. ಯಲಬುರ್ಗಾ ಎಂದೆ. ಅವರ ಕಣ್ಣು ಅಗಲವಾಯಿತು. "ಬರ್ರಿ, ಬರ್ರಿ, ಒಳಗ ಬರ್ರಿ!"

ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಗಂಡಿನವರು ಹೆಣ್ಣು ನೋಡಲು ಬರುವ ಮುಂಚೆ ಯಾರಾದರೂ ಹಿರಿಯ ಹೆಂಗಸನ್ನು ಗುಟ್ಟಾಗಿ ಕಳಿಸುತ್ತಾರೆ. ಆಕೆ ಬಸ್ಸು ತಪ್ಪಿತೆಂದೋ ನೀರಡಿಕೆಯಾಯಿತೆಂದೋ ಮನೆ ಹೊಕ್ಕು, ಒಲೆ, ಹಿತ್ತಲು, ಹುಡುಗಿ ಎಲ್ಲವನ್ನೂ ನೋಡಿಕೊಂಡು ಹೋಗಬೇಕು. ಹೆಣ್ಣಿನವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದಂತೆ ಇರಬೇಕು. ಆಕೆ "ಅದಕ್ಕಲ್ಲ" ಎಂದಷ್ಟೂ ಅದಕ್ಕೇ ಬಂದಿದ್ದಾಳೆಂದು ಅರ್ಥ.

ನನ್ನ ಮುಂದೆ ಬೆಲ್ಲ ನೀರು ಬಂತು, ಉಪ್ಪಿಟ್ಟು ಬಂತು, ಚಹಾ ಬಂತು. "ನಾನು ಊರು ನೋಡಾಕ ಬಂದೇನ್ರಿ" ಎಂದೆ. "ಊರೂ ನೋಡ್ರಿ, ಮನೀನೂ ನೋಡ್ರಿ" ಎಂದು ಗಂಗಮ್ಮ ನಕ್ಕರು. ಎಂಥ ಒಳ್ಳೆಯ ಜನ ಎಂದುಕೊಂಡು ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡೆ. ನನ್ನ ಬುದ್ಧಿ ಅಷ್ಟು. ಬೇಡ ಬೇಡವೆಂದರೂ ಊರು ತೋರಿಸಲು ಮಗಳು ರೇಣುಕಾಳನ್ನು ಜೊತೆಗೆ ಕಳಿಸಿದರು. ಒಂಟಿ ಪ್ರವಾಸ ಅಲ್ಲಿಗೆ ಮುಗಿಯಿತು.

ಗಗನಮಹಲು, ರಂಗನಾಥನ ಗುಡಿ ತೋರಿಸುವಾಗ ಹುಡುಗಿ ಬಾಯಿ ಬಿಡಲಿಲ್ಲ. ಹೊಳೆದಂಡೆಯ ಬಂಡೆಯ ಮೇಲೆ ಕುಳಿತಮೇಲೆ ಕೇಳಿದಳು, "ಪಾಸಾದೆನೇನ್ರಿ ನಾನು?"

ಆಗ ತಿಳಿಯಿತು ನನಗೆ, ಈಕೆಗೆ ಯಲಬುರ್ಗಾ ಕಡೆಯ ಗಂಡೊಂದರ ಮಾತು ನಡೆದಿದೆ, ಗಂಗಮ್ಮ ನನ್ನನ್ನು ಅವರು ಕಳಿಸಿದಾಕೆ ಎಂದುಕೊಂಡಿದ್ದಾರೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಕೆ ನಗಲಿಲ್ಲ. ನಾನು ಯಾರ ಕಡೆಯವಳೂ ಅಲ್ಲವೆಂದರೆ ನಂಬಲೂ ಇಲ್ಲ.

"ಹುಡುಗ ಛಲೋ ಅದಾನಂತ್ರಿ, ನಾ ಏನೂ ಅನ್ನಂಗಿಲ್ಲ. ಆದ್ರ ನಾನು ಬಾಳಿನಾರು ತಗಿಯೋದು, ಚೀಲ ಹೆಣಿಯೋದು ಕಲ್ತೀನಿ. ಈಗ ಉಳಿದವ್ರಿಗೆ ಕಲಸ್ತೀನಿ. ನಿಮ್ಮೂರ ಕಡೆ ಬಾಳಿತೋಟ ಐತೇನ್ರಿ?"

ಮನಸ್ಸಿನಲ್ಲೇ ಯಲಬುರ್ಗಾ ಸುತ್ತಿಬಂದೆ. ಎರೆಹೊಲ, ಜೋಳ, ಕಡಲೆ. ಬಾಳೆ ಎಂದರೆ ಸಂತೆಗೆ ಬರುವ ಗೊನೆ. "ಇಲ್ಲವ್ವಾ" ಎಂದೆ.

"ಹಂಗಾರ ಹುಡುಗಿ ಸರಿ ಇಲ್ಲ ಅಂದ್ಬಿಡ್ರಿ. ಮಾತು ಭಾಳ, ರೊಟ್ಟಿ ಸುಡ್ತಾಳ, ಏನರ ಹೇಳ್ರಿ. ನಾ ಒಲ್ಲೆ ಅಂದ್ರ ಮನ್ಯಾಗ ಯಾರು ಕೇಳ್ತಾರ?"

ನನ್ನ ನಗು ಇಂಗಿಹೋಯಿತು. ಮದುವೆಯಾಗಿ ಯಲಬುರ್ಗಾಕ್ಕೆ ಬಂದ ಹೊಸದರಲ್ಲಿ ಬೆಳಗಿನ ಜಾವ ಎಚ್ಚರವಾದರೆ ಕಾಲುವೆ ನೀರಿನ ಸದ್ದಿಗಾಗಿ ಕಿವಿಗೊಡುತ್ತಿದ್ದೆ. ದೂರುತ್ತಿಲ್ಲ. ನಮ್ಮವರ ಬಾಯಿ ಜೋರು, ಮನಸ್ಸು ಮೆತ್ತಗೆ, ಬಾಳು ಚೆನ್ನಾಗಿಯೇ ಸಾಗಿದೆ. ಮದುವೆಗೆ ಮುಂಚೆ ಯಾರಾದರೂ ನನ್ನ ಒಪ್ಪಿಗೆ ಕೇಳಿದ್ದರೆ ಹೂಂ ಎಂದೇ ಹೇಳುತ್ತಿದ್ದೆನೇನೋ. ಕೇಳಲಿಲ್ಲವಲ್ಲ ಎಂಬುದು ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಉಳಿದುಬಿಟ್ಟಿದೆ. ಹಾಗೆಂದು ಈ ಹುಡುಗಿಯ ಮೇಲೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಆ ಮಾತು ಊರೂರು ತಿರುಗಿ ನಾಳೆ ಆಕೆಗೇ ಮುಳ್ಳಾಗುತ್ತದೆ.

ಮನೆಗೆ ಮರಳಿ ಗಂಗಮ್ಮನ ಎದುರು ಕುಳಿತೆ. "ನಾನು ಯಾರ ಕಡೆಯಿಂದಾನೂ ಬಂದಿಲ್ರಿ."

"ಆತು ಬಿಡ್ರಿ" ಎಂದು ಮತ್ತೆ ಅದೇ ನಗು.

"ನಂಬಬ್ಯಾಡ್ರಿ. ಆದ್ರ ಯಲಬುರ್ಗಾದಾಕಿ ಅನ್ನೋದು ಖರೇ ಐತಿ. ನಿಮ್ಮ ಮಗಳ ಕೈಯಾಗಿನ ಕೆಲಸಕ್ಕ ನಮ್ಮ ಕಡೆ ಬಾಳಿ ಇಲ್ಲ. ಹೂಂ ಅನ್ನೋಕಿಂತ ಮೊದಲ ಆಕಿನ್ನ ಒಂದು ಮಾತು ಕೇಳ್ರಿ."

"ಹುಡುಗೀನ್ನ ಏನು ಕೇಳೋದ್ರಿ? ನಿಮ್ಮನ್ನ ಕೇಳಿದ್ರೇನು?"

"ಇಲ್ರಿ."

ಗಂಗಮ್ಮ ಸೆರಗಿನ ತುದಿ ಸುತ್ತುತ್ತ ಕುಳಿತರು. "ನನ್ನೂ ಕೇಳಿಲ್ಲ" ಎಂದರು. ಹೊರಟಾಗ ನನಗೆ ಕುಂಕುಮ ಹಚ್ಚಿದರು. ರೇಣುಕಾ ತಾನೇ ಹೆಣೆದ ಚೀಲದಲ್ಲಿ ಬಾಳೆಹಣ್ಣು ತುಂಬಿ ಕೊಟ್ಟಳು. ಬಸ್ಸು ಹತ್ತುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಒಬ್ಬಾಕೆ ಗೊಣಗುತ್ತಿದ್ದಳು: "ನಮ್ಮ ಅಣ್ಣನ ಮಗಗ ಆನೆಗೊಂದಿ ಹೆಣ್ಣು ನೋಡಿದ್ವಿ. ಆ ಮಂದಿ ಹುಡುಗೀನ್ನ ಕೇಳಿ ಹೇಳ್ತೀವಿ ಅಂದ್ರು! ಕೇಳಿ ಬಂದು ಆಕಿ ಒಲ್ಲೆ ಅಂತಾಳ ಅಂದ್ರು! ಎಲ್ಲೆರ ಉಂಟೇನ್ರಿ?" ಎಲ್ಲೂ ಉಂಟಾಗಿರಲಿಲ್ಲ, ಈಗ ಆಯಿತು. ಖುಷಿಯಲ್ಲಿ ಹಿಟ್ಟಿನ ಡಬ್ಬಿ ಅಲ್ಲೇ ಮರೆತು ಮನೆಗೆ ಬಂದೆ.

ಇನ್ನು ಕುಷ್ಟಗಿಯ ವಿಷಯ. ಯಜಮಾನರ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ ಕಮಲಕ್ಕನ ಮಗನಿಗೆ ಅಲ್ಲೊಂದು ಹೆಣ್ಣಿದೆ. "ನೀ ಒಬ್ಬಾಕೀನ ಅಡ್ಡಾಡಾಕಿ, ಸುಮ್ನ ನೋಡ್ಕೊಂಡು ಬಾ. ಬಸ್ಸು ತಪ್ಪಿತು ಅಂತ ಒಳಗ ಹೋಗು" ಎಂದು ಕಳಿಸಿದ್ದು ಕಮಲಕ್ಕನೇ. ಚೀಲ ಹೆಗಲಿಗೇರಿಸಿಕೊಂಡು ಹೋದೆ. ಬಾಗಿಲಿಗೆ ಬಂದ ತಾಯಿ ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದ ಮುಖದಲ್ಲಿ, "ಬಸ್ಸು ತಪ್ಪಿತೇನ್ರಿ?" ಎಂದರು.

"ಇಲ್ರಿ, ಬಸ್ಸು ಸರಿಯಾಗೇ ಸಿಕ್ತು. ನಾನು ಹುಡುಗನ ಚಿಗವ್ವ. ನಿಮ್ಮ ಮಗಳನ್ನ ಕರೀರಿ. ನಾ ಏನೂ ಕೇಳಂಗಿಲ್ಲ, ಆಕಿ ಏನು ಕೇಳ್ತಾಳ ಕೇಳ್ಲಿ."

ತಾಯಿ ನನ್ನನ್ನು ಒಳಗೆ ಕೂರಿಸಿ ಮಗಳನ್ನು ಕರೆದರು. ಹುಡುಗಿ ಬಂದು ಎದುರು ಕುಳಿತಳು, ಒಮ್ಮೆ ತಾಯಿಯ ಕಡೆ ನೋಡಿದಳು, ಆಮೇಲೆ ನೆಟ್ಟಗೆ ನನ್ನ ಕಡೆ.

"ಹುಡುಗಗ ಸಿಟ್ಟು ಬಂದ್ರ ಏನು ಮಾಡ್ತಾನ್ರಿ?"

ಕಮಲಕ್ಕ ನನ್ನ ಮೇಲೆ ಹರಿಹಾಯುವುದು ಖಂಡಿತ. ಚೀಲ ಕೆಳಗಿಟ್ಟು, ನನಗೆ ಗೊತ್ತಿದ್ದಷ್ಟನ್ನೂ ಹೇಳಿದೆ.